ಖಾಲಿ ಜಾಗ ತುಂಬುವ ಸಾಫ್ಟ್‌ವೇರು

ಕೆಲಸ ಮಾಡುವುದಕ್ಕಿಂತ ಕೆಲಸದ ಸಾಮಾನು ಆರಿಸುವುದರಲ್ಲೇ ಹೆಚ್ಚು ಸುಖವಿದೆ ಎಂದು ನಂಬಿದ ಗಂಡಸರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ನಾನು ಆ ಗುಂಪಿನಲ್ಲಿ ಮುಂದಿನ ಸಾಲಿನವನು. ಸಂತೆಗೆ ಕುಡುಗೋಲು ತರಲು ಹೋದರೆ ಅಲ್ಲಿರುವ ಅಷ್ಟೂ ಕುಡುಗೋಲುಗಳ ಅಲಗನ್ನು ಹೆಬ್ಬೆರಳಿನಲ್ಲಿ ಸವರಿ, ಹಿಡಿ ತಿರುಗಿಸಿ ನೋಡಿ, ಕಮ್ಮಾರನ ಪೂರ್ವೋತ್ತರ ವಿಚಾರಿಸಿ, ಹೊತ್ತು ಮುಳುಗುವಾಗ ಒಂದನ್ನು ಹಿಡಿದುಕೊಂಡು ಬರುತ್ತೇನೆ. ಅಷ್ಟರಲ್ಲಿ ನನ್ನ ಹೆಂಡತಿ ಹಳೆಯ ಕುಡುಗೋಲಿನಲ್ಲೇ ಹುಲ್ಲು ಕೊಯ್ದು ಹಸುವಿಗೆ ಹಾಕಿ ಹಾಲನ್ನೂ ಕರೆದಿರುತ್ತಾಳೆ. ಹೊಸ ಕುಡುಗೋಲನ್ನು ಅವಳು ಈಸಿಕೊಂಡು ಗೂಟಕ್ಕೆ ನೇತುಹಾಕುತ್ತಾಳೆ.

ನಮ್ಮೂರು ಮಾಯಸಂದ್ರ. ತುರುವೇಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಹಾಲ್ ಟಿಕೆಟ್ಟು, ಮದುವೆ ಪತ್ರಿಕೆ ಎಲ್ಲ ಮಾಡಿಕೊಡುತ್ತೇನೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಮೊಬೈಲಿನ ಉಪದೇಶಗಳನ್ನು ಕೇಳುತ್ತ ಕೂರುವುದು ನನ್ನ ಅಭ್ಯಾಸ. ಹಾಗೆ ಕೇಳಿಯೇ ಅಫಿಲಿಯೇಟ್ ವೆಬ್‌ಸೈಟಿನ ಹುಚ್ಚು ಹಿಡಿದದ್ದು. ವಿಷಯ ಸರಳ. ಯಾವುದೋ ದೊಡ್ಡ ಆನ್‌ಲೈನ್ ಅಂಗಡಿಯ ಸಾಮಾನನ್ನು ನನ್ನ ಪುಟದಲ್ಲಿ ತೋರಿಸಬೇಕು. ನೋಡಿದವರು ಅಲ್ಲಿಂದಲೇ ಒತ್ತಿಕೊಂಡು ಹೋಗಿ ಖರೀದಿಸಿದರೆ ಅಂಗಡಿಯವರು ನನಗೆ ಕಮಿಷನ್ ಕೊಡುತ್ತಾರೆ. ಸಾಮಾನೂ ನನ್ನದಲ್ಲ, ಗೋಡೌನೂ ನನ್ನದಲ್ಲ, ಸಾಗಿಸುವ ತಲೆನೋವೂ ಇಲ್ಲ. ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದಾಗ ನನ್ನ ಹೆಂಡತಿ ವಿಶಾಲಾಕ್ಷಿ, "ದಲ್ಲಾಳಿ ಕೆಲ್ಸ ಅನ್ನಿ" ಎಂದಳು. ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕುವ ಮನೆಗಳಲ್ಲಿ ದಲ್ಲಾಳಿ ಎಂಬ ಪದವನ್ನು ಯಾವ ರಾಗದಲ್ಲಿ ಹೇಳುತ್ತಾರೋ ಅದೇ ರಾಗದಲ್ಲಿ ಹೇಳಿದಳು.

ಆದರೆ ನನ್ನ ಯೋಜನೆಯ ಬಂಡವಾಳವೇ ಅವಳು. ನಮ್ಮ ಬಂಧುಬಳಗದಲ್ಲಿ ಯಾರ ಮನೆಗೆ ಮಿಕ್ಸಿ, ಕುಕ್ಕರು, ಗ್ರೈಂಡರು ಬರುವುದಿದ್ದರೂ ಮೊದಲು ವಿಶಾಲಕ್ಕನಿಗೆ ಒಂದು ಫೋನು ಬರುತ್ತದೆ. ಅವಳು ಬಳಸಿ ನೋಡದ ವಸ್ತುವಿನ ಬಗ್ಗೆ ಬಾಯಿ ಬಿಡುವುದಿಲ್ಲ. ಮಿಕ್ಸಿಯಾದರೆ ಅವಳ ಪರೀಕ್ಷೆ ಒಂದೇ: ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ ಕೊಬ್ಬರಿ ಗಿಟುಕನ್ನು ಒಡೆದು ಹಾಕಿ ತಿರುಗಿಸುವುದು. ತಿರುಗಿದರೆ ಮಿಕ್ಸಿ, ಇಲ್ಲದಿದ್ದರೆ ಅದು ಜ್ಯೂಸು ಕುಡಿಯುವವರ ಮನೆಗೆ ಹೋಗಲಿ ಎನ್ನುತ್ತಾಳೆ. ಈ ಮಾತನ್ನು ನಂಬಿ ಕೊಂಡವರು ದಬ್ಬೇಘಟ್ಟದಿಂದ ಚಿಕ್ಕನಾಯಕನಹಳ್ಳಿಯವರೆಗೆ ಇದ್ದಾರೆ, ಒಬ್ಬರೂ ಜಗಳಕ್ಕೆ ಬಂದವರಲ್ಲ. ಇಂಥ ಹೆಸರನ್ನು ಪುಕ್ಕಟೆ ಫೋನಿನಲ್ಲಿ ಹಾಳುಮಾಡುತ್ತಿದ್ದೇವಲ್ಲ ಎಂದು ನನಗೆ ಸಂಕಟವಾಗುತ್ತಿತ್ತು. ಹಾಗಾಗಿ ಸೈಟಿಗೆ 'ವಿಶಾಲಕ್ಕನ ಮಾತು' ಎಂದು ಹೆಸರಿಟ್ಟೆ. ಅವಳು ತಾನು ಬಳಸಿದ ಕೆಲವು ವಸ್ತುಗಳ ಬಗ್ಗೆ ಹೇಳಿದಳು, ನಾನು ಟೈಪು ಮಾಡಿಕೊಂಡೆ. ಕೊನೆಗೆ ಅವಳು ಒಂದೇ ಒಂದು ಷರತ್ತು ಹಾಕಿದಳು: "ನಾನು ಕೈಲಿ ಮುಟ್ಟಿ ನೋಡ್ದೇ ಇರೋದ್ನ ನನ್ ಹೆಸ್ರಲ್ಲಿ ಹಾಕ್‌ಬ್ಯಾಡಿ ಕಣ್ರೀ." ಛೇ ಛೇ, ಹಾಗೆಲ್ಲ ಮಾಡ್ತೀನಾ ಎಂದೆ.

ಇನ್ನು ಉಳಿದದ್ದು ಸಾಮಾನು ಆರಿಸುವ ಸುಖ. ಆನ್‌ಲೈನ್ ಅಂಗಡಿಯವರು ತಮ್ಮ ಸರಕನ್ನೆಲ್ಲ ಒಂದೇ ದೊಡ್ಡ ಕಡತದಲ್ಲಿ ತುಂಬಿ ಕೊಡುತ್ತಾರೆ; ಪ್ರತಿ ವಸ್ತುವಿನ ಹೆಸರು, ಬೆಲೆ, ಚಿತ್ರ, ಕೊಂಡಿ ಎಲ್ಲ ಅದರಲ್ಲಿರುತ್ತದೆ. ಇದಕ್ಕೆ ಡೇಟಾಫೀಡ್ ಎನ್ನುತ್ತಾರೆ. ಅದನ್ನು ತೆರೆದ ದಿನ ನನ್ನ ಅಂಗಡಿಯ ಕಂಪ್ಯೂಟರು ಏರು ಹತ್ತುವ ಎತ್ತಿನ ಹಾಗೆ ಉಸಿರುಬಿಟ್ಟು ನಿಂತೇ ಹೋಯಿತು. ಆ ಕಡತವನ್ನು ಜರಡಿ ಹಿಡಿದು, ಬೇಕಾದದ್ದನ್ನು ಮಾತ್ರ ವೆಬ್‌ಸೈಟಿನ ಪುಟವಾಗಿ ಮಾಡಿಕೊಡುವ ಸಾಫ್ಟ್‌ವೇರುಗಳು ಬೇರೆ ಇವೆ. ಅವುಗಳಲ್ಲಿ ಯಾವುದು ವಾಸಿ ಎಂದು ಹೇಳುವ ವಿಡಿಯೋಗಳಿವೆ. ಆ ವಿಡಿಯೋಗಳಲ್ಲಿ ಯಾವುದು ವಾಸಿ ಎಂದು ಹೇಳುವ ವಿಡಿಯೋಗಳೂ ಇವೆ. ನಾನು ಯಾವುದನ್ನೂ ಬಿಡಲಿಲ್ಲ. ಈ ನಡುವೆ ಒಬ್ಬರು ಪಹಣಿ ಕೇಳಿದರೆ ಇನ್ನೊಬ್ಬರ ಮದುವೆ ಪತ್ರಿಕೆ ಕೊಟ್ಟು ಕಳಿಸಿದ್ದೂ ಉಂಟು.

ಕೊನೆಗೆ ಎರಡು ಉಳಿದವು. ಮೊದಲನೆಯದು ಬಡ ಸಾಫ್ಟ್‌ವೇರು. ಒಂದೊಂದೇ ವಸ್ತುವನ್ನು ನಾವೇ ಆರಿಸಿ ಕೂರಿಸಬೇಕು; ಅಂಗಡಿಯಲ್ಲಿ ಆ ವಸ್ತು ಮುಗಿದರೆ ಪುಟದಲ್ಲಿ ಆ ಜಾಗ ಖಾಲಿ ಬೀಳುತ್ತದೆ. ಎರಡನೆಯದು ಜಾಣ. ವಸ್ತು ಮುಗಿಯಿತೋ, ಫೀಡನ್ನು ತಾನೇ ಜಾಲಾಡಿ ಅದೇ ಬಗೆಯ, ಅದೇ ಬೆಲೆಯ ಇನ್ನೊಂದನ್ನು ತಂದು ಆ ಜಾಗಕ್ಕೆ ಕೂರಿಸುತ್ತದೆ. ಓದುಗರೇ, ನೀವು ತೆಂಗಿನ ಸೀಮೆಯವರಾದರೆ ನನ್ನ ಕಷ್ಟ ನಿಮಗೆ ಗೊತ್ತಾಗುತ್ತದೆ. ಸಾಲಿನಲ್ಲಿ ಒಂದು ಮರ ಒಣಗಿದರೆ ಆ ಗುಂಡಿಗೆ ಇನ್ನೊಂದು ಸಸಿ ನೆಡುವವರೆಗೆ ನಮಗೆ ಅನ್ನ ಇಳಿಯುವುದಿಲ್ಲ. ಸಾಲು ಹಲ್ಲು ಬಿದ್ದ ಬಾಯಿಯಂತೆ ಕಂಡರೆ ದಾರಿಯಲ್ಲಿ ಹೋಗುವವರೂ "ಏನ್ಲಾ, ತ್ವಾಟ ಹಿಂಗ್ ಬುಟ್ಟಿದೀಯ" ಎಂದು ಕೇಳುತ್ತಾರೆ. ಅಂಥವನ ಕೈಗೆ ಖಾಲಿ ಜಾಗವನ್ನು ತಾನಾಗಿಯೇ ತುಂಬುವ ಸಾಫ್ಟ್‌ವೇರು ಸಿಕ್ಕರೆ ಬಿಡುತ್ತಾನೆಯೇ? ಅದನ್ನೇ ಕೊಂಡೆ. ಕೆಲವು ತಿಂಗಳು ಸೈಟಿನಲ್ಲಿ ಒಂದು ಗುಂಡಿಯೂ ಬೀಳಲಿಲ್ಲ, ನಾನೂ ಅತ್ತ ತಿರುಗಿ ನೋಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಚಿಕ್ಕನಾಯಕನಹಳ್ಳಿಯಿಂದ ರೇಣುಕ ಫೋನು ಮಾಡಿದಳು. ರೇಣುಕ ನನ್ನ ಹೆಂಡತಿಯ ಚಿಕ್ಕಮ್ಮನ ಮಗಳು. ಆವತ್ತು ಅವರ ಮನೆಯಲ್ಲಿ ಬೀಗರೂಟ. ಹೊಸ ಸೊಸೆಯ ತವರಿನವರೆಲ್ಲ ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಸ್ಪೀಕರಿನಲ್ಲಿ ಅವಳ ದನಿ ಅಡುಗೆಮನೆ ದಾಟಿ ಹಟ್ಟಿಯವರೆಗೆ ಕೇಳುತ್ತಿತ್ತು. "ಅಕ್ಕಾ, ಮಿಕ್ಸಿಯಿಂದ ಹೊಗೆ ಬತ್ತಾ ಐತೆ! ಮಸಾಲೆಗೆ ಗಿಟುಕು ಹಾಕ್ದೆ, ಒಂದ್ ಸುತ್ತು ಸುತ್ತಿ ಹೋಯ್ತು. ನಿನ್ ಮಾತು ಓದ್ಕಂಡೇ ತರಿಸಿದ್ದು ಕಣಕ್ಕ. ಬೀಗ್ರು ಆಗ್ಲೇ ಬಸ್ಸು ಹತ್ತವ್ರಂತೆ!"

ವಿಶಾಲಾಕ್ಷಿ ನನ್ನ ಮೊಬೈಲು ಕಿತ್ತುಕೊಂಡು ಸೈಟು ತೆರೆದಳು. ಮೇಲೆ ಅವಳದೇ ಮಾತು: 'ಗಿಟುಕನ್ನೂ ಪುಡಿ ಮಾಡುತ್ತೆ, ನಾನೇ ಹಾಕಿ ನೋಡಿದ್ದೀನಿ.' ಕೆಳಗೆ ಅವಳು ಕನಸಿನಲ್ಲೂ ಕಾಣದ ಗುಲಾಬಿ ಬಣ್ಣದ ಒಂದು ಮಿಕ್ಸಿ, ಪಕ್ಕದಲ್ಲಿ ಸ್ಟ್ರಾಬೆರಿ ಹಣ್ಣಿನ ಚಿತ್ರ. ಅವಳು ಹೇಳಿದ ಮಿಕ್ಸಿ ಅಂಗಡಿಯಲ್ಲಿ ಮುಗಿದಿತ್ತು. ಸಾಫ್ಟ್‌ವೇರು ತನ್ನ ಧರ್ಮದಂತೆ ಬೇರೆಯದನ್ನು ತಂದು ಕೂರಿಸಿತ್ತು. ಮಾತು ಮಾತ್ರ ಅಲ್ಲೇ ಉಳಿದಿತ್ತು. ನಾನು ಫೀಡು, ಸ್ಟಾಕು ಎಂದೆಲ್ಲ ವಿವರಿಸತೊಡಗಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಜಾಗ ಖಾಲಿ ಬುಟ್ಟಿದ್ರೆ ಏನಾಗ್ತಿತ್ತು?" ಎಂದು ಕೇಳಿದಳು. ನಾನು ನೋಡಿದ ಅಷ್ಟೂ ವಿಡಿಯೋಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ನಮ್ಮ ಮಿಕ್ಸಿಯನ್ನು ತೊಳೆದು, ಜಾರುಗಳ ಸಮೇತ ಗೋಣಿಚೀಲಕ್ಕೆ ಹಾಕಿಕೊಂಡು, ಸೀರೆ ಬದಲಿಸಿ ಬಂದು, "ಗಾಡಿ ತೆಗೀರಿ" ಎಂದಳು. ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಚೀಲವನ್ನು ಹಸುಗೂಸಿನಂತೆ ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ನನಗೂ ಅವಳಿಗೂ ನಡುವೆ ಆ ಮಿಕ್ಸಿ ಕೂತಿತ್ತು. ನಾವು ತಲುಪಿದಾಗ ಬೀಗರು ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದರು. ಬೀಗಿತ್ತಿ ಮೂಗಿಗೆ ಸೆರಗು ಹಿಡಿದು, "ಏನೋ ಸುಟ್ ವಾಸ್ನೆ" ಎಂದು ಹುಬ್ಬು ಗಂಟಿಕ್ಕಿದರು. ವಿಶಾಲಾಕ್ಷಿ ಮುಂದೆ ಹೋಗಿ, "ನಂದೇ ತಪ್ಪು ಕಣಮ್ಮ. ನಾನು ನೋಡ್ದೇ ಇರೋ ಮಿಕ್ಸಿ ತಗಳಕ್ಕೆ ಹೇಳ್ಬುಟ್ಟಿದ್ದೆ. ಒಂದ್ ಗಳಿಗೆ ತಡೀರಿ, ಊಟ ಆಯ್ತದೆ" ಎಂದಳು. ಗಂಡನ ಹೆಸರು ಎತ್ತಲಿಲ್ಲ. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಊಟವೇನೋ ಚೆನ್ನಾಗಿ ಆಯಿತು, ಬೀಗಿತ್ತಿ ಎರಡನೇ ಸಲ ಸಾರು ಬಡಿಸಿಕೊಂಡರು. ಹೊರಡುವಾಗ ರೇಣುಕ ಮಿಕ್ಸಿ ತೊಳೆದು ಚೀಲಕ್ಕೆ ಹಾಕಲು ಬಂದರೆ ವಿಶಾಲಾಕ್ಷಿ, "ಇಲ್ಲೇ ಇರ್ಲಿ ಬುಡು. ನನ್ ಮಾತು ನಂಬಿ ಮಿಕ್ಸಿ ತಗಂಡೆ ತಾನೆ, ತಗ, ಇದೇ ಆ ಮಿಕ್ಸಿ" ಎಂದು ಬಂದೇಬಿಟ್ಟಳು. ಮಾರನೆಯ ದಿನ ಅವಳ ಎದುರಿಗೇ ಜಾಣ ಸಾಫ್ಟ್‌ವೇರನ್ನು ಕಿತ್ತುಹಾಕಿ ಬಡ ಸಾಫ್ಟ್‌ವೇರನ್ನು ಕೂರಿಸಿದೆ. ಈಗ 'ವಿಶಾಲಕ್ಕನ ಮಾತು' ಸೈಟಿನಲ್ಲಿ ಒಂದು ಕುಕ್ಕರು, ಒಂದು ಈಳಿಗೆಮಣೆ, ಉಳಿದಂತೆ ಬರೀ ಖಾಲಿ ಗುಂಡಿಗಳು. ಮಿಕ್ಸಿಯ ಜಾಗದಲ್ಲಿ 'ಇದು ಈಗ ಸಿಗುತ್ತಿಲ್ಲ, ಸಿಕ್ಕಾಗ ಹೇಳುತ್ತೇನೆ' ಎಂದು ಬರೆಸಿದ್ದಾಳೆ. ಆ ಮಿಕ್ಸಿ ಬರುವವರೆಗೆ ನಮ್ಮ ಮನೆಗೂ ಬೇರೆ ಮಿಕ್ಸಿ ಬರುವಂತಿಲ್ಲ. ಹೀಗಾಗಿ ಹಿತ್ತಿಲಲ್ಲಿ ಮಲಗಿದ್ದ ಒರಳುಕಲ್ಲನ್ನು ಎಬ್ಬಿಸಿ ತೊಳೆದದ್ದಾಯಿತು. ಅದನ್ನು ತಿರುಗಿಸುವವರು ಯಾರು ಎಂಬ ಚರ್ಚೆ ನಮ್ಮ ಮನೆಯಲ್ಲಿ ನಡೆಯಲೇ ಇಲ್ಲ.

ಮೊನ್ನೆ ನಾನು ಚಟ್ನಿಗೆ ರುಬ್ಬುತ್ತ ಕೂತಿದ್ದಾಗ ದಬ್ಬೇಘಟ್ಟದಿಂದ ಯಾರೋ ಫೋನು ಮಾಡಿ, ವಿಶಾಲಕ್ಕ, ನಿಮ್ಮನೇಲಿ ಈಗ ಯಾವ ಮಿಕ್ಸಿ ಇದೆ ಎಂದು ಕೇಳಿದರು. ಅವಳು ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತ ಹೇಳಿದಳು: "ಮಿಕ್ಸಿ ಇಲ್ಲ ಕಣೇ, ಬೇರೆ ಒಂದೈತೆ. ಕರೆಂಟ್ ಬ್ಯಾಡ. ನುಣ್ಣಗೇನೋ ರುಬ್ಬುತ್ತೆ, ಆದ್ರೆ ಸದ್ದು ಜಾಸ್ತಿ. ಗಿಟುಕು ಹಾಕಿದ್ರೆ ಬಿಸಿ ಆಗ್ತದೆ. ಆಗಾಗ ನಿಂತು ಮೊಬೈಲ್ ನೋಡ್ತದೆ. ನಾನೇ ಭಾಳ ವರ್ಷದಿಂದ ಬಳಸಿ ನೋಡಿ ಹೇಳ್ತಿರೋದು. ತಗ ಅಂತ ಮಾತ್ರ ಹೇಳಕ್ಕಾಗಲ್ಲ." ನಾನು ಮೊಬೈಲನ್ನು ಕೆಳಗಿಟ್ಟು ಗುಂಡುಕಲ್ಲು ತಿರುಗಿಸಿದೆ.