ಮಾವನ ಬಸುರಿ ಕಂಪ್ಯೂಟರ್

ಕಂಪ್ಯೂಟರನ್ನು ಬಸುರಿಯಂತೆ ಜೋಪಾನ ಮಾಡುವ ಮನುಷ್ಯ ಇಡೀ ಹೊಳೆನರಸೀಪುರದಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ ಆಗಬೇಕೇ! ಮಾವನದು ಫೋಟೋ ಸ್ಟುಡಿಯೋ. ಅದರ ಮೂಲೆಯಲ್ಲಿ ಕೂತು ಅತ್ತೆ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದರು. ಅತ್ತೆಯ ಕೈಗೆ ಒಗ್ಗಿದ ಹಳೇ ಕನ್ನಡ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ಓಡಲಿಲ್ಲ. "ಹೊಸದರ ಹೊಟ್ಟೆಯೊಳಗೆ ಹಳೇದೊಂದನ್ನ ಕೂರಿಸ್ತೀನಿ ಮಾವ, ವರ್ಚುವಲ್ ಮಷೀನು ಅಂತಾರೆ" ಎಂದೆ. ಹೊಟ್ಟೆ ಎಂದಿದ್ದೇ ತಪ್ಪಾಯಿತು ನೋಡಿ! ಅಂದಿನಿಂದ ಆ ಮೇಜಿನ ಮೇಲೆ ಯಾರೂ ಚೀಲ ಇಡುವಂತಿಲ್ಲ.

"ಬಸುರಿ ಕಣಮ್ಮ, ಅಲ್ಲಾಡಿಸ್ಬ್ಯಾಡಿ!"

ಪಾಸ್‌ಪೋರ್ಟ್ ಫೋಟೋಗೆ ಬಂದವರು ಗಾಬರಿಯಾಗಿ ಸ್ಟುಡಿಯೋ ತುಂಬ ಬಸುರಿ ಹೆಂಗಸನ್ನು ಹುಡುಕುತ್ತಾರೆ.

ಒಂದು ದಿನ ಮದುವೆ ಕಾರ್ಡೊಂದನ್ನು ಟೈಪ್ ಮಾಡುವ ಮಧ್ಯದಲ್ಲೇ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಆ ಕಾರ್ಡನ್ನು ಮಾವ ಯಾರಿಗೂ ಮುಟ್ಟಗೊಡಲಿಲ್ಲ. "ಅವ್ಳೇ ಮುಗಿಸ್ತಾಳೆ" ಎಂಬುದೊಂದೇ ಮಾತು. ಮದುವೆಯವರು ಬೇರೆ ಕಡೆ ಅಚ್ಚು ಹಾಕಿಸಿಕೊಂಡರು. ಆ ಮದುಮಗಳ ಕೂಸು ಈಗ ಅಂಬೆಗಾಲಿಡುತ್ತಿದೆ, ಕಾರ್ಡು ಮಾತ್ರ ಮುಗಿದಿಲ್ಲ!

ಮೊನ್ನೆ ಹಾಸನದಲ್ಲಿದ್ದ ನನಗೆ ಫೋನು. "ಲೇ ಅಳಿಯ, ಒಳಗಿಂದು ಕಣ್ಣೇ ಬಿಡ್ತಿಲ್ಲ ಕಣ್ಲಾ! ನಿಮ್ಮತ್ತೆ ಕಾರ್ಡು ಕಳ್ದೋಯ್ತು ಅಂದ್ರೆ ನಾ ಅವ್ಳಿಗೆ ಏನಂತ ಏಳ್ಲಿ?"

ಬಸ್ಸು ಹತ್ತಿ ಓಡಿದೆ. ನೋಡಿದರೆ ಡಿಸ್ಕಿನಲ್ಲಿ ಎಳ್ಳಷ್ಟೂ ಜಾಗವಿಲ್ಲ. ತುಂಬಿದ್ದೆಲ್ಲ ಸ್ನ್ಯಾಪ್‌ಶಾಟ್! ಒಳಗಿನ ಯಂತ್ರ ಆ ಗಳಿಗೆಯಲ್ಲಿ ಹೇಗಿದೆಯೋ ಹಾಗೇ ಹಿಡಿದಿಡುವ ವ್ಯವಸ್ಥೆ ಅದು.

"ಇಷ್ಟೊಂದು ಯಾಕೆ ತೆಗೆದ್ರಿ ಮಾವ?"

"ಸ್ನ್ಯಾಪು ಅಂದ್ರೆ ಫೋಟೋ ಅಲ್ವೇನ್ಲಾ? ದಿನಾ ಬಾಗ್ಲಾಕೋವಾಗ ಒಂದು ತೆಗೀತೀನಿ. ಬಸುರೀರಿಗೆ ಫೋಟೋ ತೆಗ್ಸಾಕಿಲ್ವಾ?"

ವಾದಿಸಿ ಗೆಲ್ಲುವುದುಂಟೇ! ಒಂದೊಂದನ್ನೇ ಅಳಿಸಿದೆ. ಪ್ರತಿಯೊಂದಕ್ಕೂ ಮಾವ "ಮೆಲ್ಲುಗೆ, ಮೆಲ್ಲುಗೆ" ಎನ್ನುತ್ತಿದ್ದರು. ಕೆಟ್ಟಿದ್ದ ಫೈಲುಗಳನ್ನೂ ರಿಪೇರಿಗೆ ಹಾಕಿದೆ. ಕೊನೆಗೆ ಒಳಗಿನ ಪರದೆ ಬೆಳಗಿತು. ಕಾರ್ಡು ತೆರೆದೆ. "ತಮ್ಮ ಆಗಮನವನ್ನು ಬಯಸು" ಎಂಬಲ್ಲಿಗೆ ಅತ್ತೆಯ ಅಕ್ಷರ ನಿಂತಿತ್ತು.

ಮಾವ ಸ್ಟುಡಿಯೋ ಹಿಂದಿನ ಮನೆಗೆ ಓಡಿ, ಅತ್ತೆಯನ್ನು ತೋಳು ಹಿಡಿದು ಕರೆತಂದು ಕೂರಿಸಿದರು. "ಎಡಗೈಯಾಗೇ ಒತ್ತು. ಒಂದೇ ಅಕ್ಸರ." ಅತ್ತೆ ತಡಕಾಡಿ ಒತ್ತಿದರು. ವ.

"ಕೆಳ್ಗೆ... ಯಾರೆಸ್ರು ಆಕ್ಲಿ?" ಅತ್ತೆಯ ಮಾತು ತೊದಲಿತು.

"ನಂದೇ ಆಕು. ಇಷ್ಟು ದಿನ ಬಯಸ್ತಾ ಕೂತಿದ್ದೋನು ನಾನಲ್ವಾ?"

ಅತ್ತೆ ಸೊಟ್ಟಗೆ ನಕ್ಕು, ಎಂದೂ ಬಾಯಲ್ಲಿ ಹೇಳದ ಗಂಡನ ಹೆಸರಿನ ಮೊದಲ ಅಕ್ಷರ ಹುಡುಕತೊಡಗಿದರು. ನನಗೆ ಅಳು ಬಂತು. ಮಾವ ಮೆಲ್ಲಗೆ ಮೌಸಿಗೆ ಕೈ ಹಾಕಿ ಸ್ನ್ಯಾಪ್‌ಶಾಟ್ ಗುಂಡಿ ಒತ್ತಿದರು. ನಾನು ಬೇಡ ಎನ್ನಲಿಲ್ಲ.