ಟೇಬಲ್ಲಿನ ಆಚೆ ಕಡೆಯ ಅಪ್ಪ

ಮನೆಗೆ ಬಂದು ಆರು ತಿಂಗಳಾದರೂ ನೀಲಾ ರುದ್ರಪ್ರಸಾದನನ್ನು ‘ಮಾಮ’ ಎಂದೇ ಕರೆಯುತ್ತಿದ್ದಳು. ದತ್ತು ಕೇಂದ್ರದಲ್ಲಿದ್ದಾಗ ಅವಳಿಗೆ ಹಾಲು ತರುವವನು ಮಾಮ, ಗೇಟು ಕಾಯುವವನು ಮಾಮ, ಸೂಜಿ ಚುಚ್ಚುವ ಡಾಕ್ಟರೂ ಮಾಮ. ಮೀಸೆ ಇದ್ದವರೆಲ್ಲ ಮಾಮಂದಿರೇ ಆಗಿದ್ದ ಆ ಲೋಕದಿಂದ ಬಂದ ಎರಡು ವರ್ಷದ ಮಗು ಸರ್ವಮಂಗಳಳನ್ನು ಮೂರನೇ ದಿನಕ್ಕೆ ‘ಅಮ್ಮ’ ಅಂದಿತು. ಎಂಟು ವರ್ಷದ ಮಧುವನ್ನು ವಾರದೊಳಗೆ ‘ಅಕ್ಕ’ ಅಂದಿತು. ಪಕ್ಕದ ಮನೆಯ ಸರಸಮ್ಮನವರಿಗೂ ‘ಅಜ್ಜಿ’ ಎಂಬ ಬಿರುದು ದಯಪಾಲಿಸಿತು (ಅವರಿಗೆ ಅದು ಅಷ್ಟು ಇಷ್ಟವಾಗಲಿಲ್ಲ). ಮನೆ ಯಜಮಾನನಿಗೆ ಮಾತ್ರ ಬಡ್ತಿ ಸಿಗಲಿಲ್ಲ. ಎತ್ತಿಕೊಳ್ಳಲು ಹೋದರೆ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು.

ಮನೆಯೊಳಗಿನ ಅವಮಾನವಾಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಬಿಡದಿಯಲ್ಲಿ ಅವನು ಕೆಲಸ ಮಾಡುವ ಕಾರ್ಖಾನೆಯವರು ಹತ್ತು ದಿನದ ತರಬೇತಿಗೆ ಥಾಯ್ಲೆಂಡಿಗೆ ಹೊರಡು ಅಂದರು. ಒಬ್ಬನೇ ಹೋಗೋಣವೆಂದರೆ ದತ್ತು ಕೇಂದ್ರದ ಮೇಡಂ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. “ಮೊದಲನೇ ವರ್ಷ ಇಬ್ಬರಲ್ಲಿ ಯಾರೂ ಮಗೂನ ಬಿಟ್ಟು ದೂರ ಹೋಗಬೇಡಿ. ಮತ್ತೆ ಬಿಟ್ಟುಹೋದರು ಅಂದುಕೊಳ್ಳುತ್ತೆ.” ಆ ಕೊನೆಯ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಹಾಗಾಗಿ ನಾಲ್ವರೂ ಹೊರಡುವುದೆಂದಾಯಿತು. ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ.

ಹೆದರಿಕೆಗೆ ಕಾರಣವೂ ಇತ್ತು. ಹಿಂದಿನ ತಿಂಗಳು ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಸರ್ವಮಂಗಳ ಹೂವು ಕೊಳ್ಳಲು ಹೋದ ಎರಡೇ ನಿಮಿಷಕ್ಕೆ ನೀಲಾ ಅವನ ಕೈಯಲ್ಲಿ ಬಿಲ್ಲಿನಂತೆ ಬಾಗಿ, “ಮಾಮ ಬ್ಯಾಡ, ಅಮ್ಮ ಬೇಕು” ಎಂದು ಅರಚಿದಳು. ಸೋಲೂರು ಬಸ್ಸಿಗೆ ಕಾಯುತ್ತಿದ್ದ ಹತ್ತು ಜನ ಸುತ್ತುವರಿದರು.

“ಯಾರ್ದ್ಲಾ ಈ ಮಗು?” ಒಬ್ಬ ಕಾಲರಿಗೇ ಕೈ ಹಾಕಿದ.

“ನಮ್ದೇ ಕಣಣ್ಣ.”

“ನಿಮ್ದಾದ್ರೆ ಮಾಮ ಅಂತ ಯಾಕಂತೈತೆ?”

ರುದ್ರಪ್ರಸಾದ್ ದೀನನಾಗಿ ಮಧುವಿನ ಕಡೆ ನೋಡಿದ. ಅವಳು ಕೈಯಲ್ಲಿದ್ದ ಐಸ್‌ಕ್ರೀಮ್ ಕೋನನ್ನು ತುದಿಯವರೆಗೂ ನಿಧಾನವಾಗಿ ತಿಂದು, ಲಂಗಕ್ಕೆ ಕೈ ಒರೆಸಿಕೊಂಡು, ಆಮೇಲೆ, “ಹೂಂ, ನಮ್ಮಪ್ಪನೇ” ಅಂದಳು. ಆ ಕೋನ್ ಮುಗಿಯುವಷ್ಟರಲ್ಲಿ ಅವನ ಆಯುಸ್ಸಿನಲ್ಲಿ ಐದು ವರ್ಷ ಮುಗಿದಿತ್ತು.

ಹುಟ್ಟಿದೂರಿನಲ್ಲೇ ಹೀಗಾದರೆ ಭಾಷೆ ಬಾರದ ದೇಶದಲ್ಲಿ ಏನು ಗತಿ? ಮಗುವನ್ನು ಅಲ್ಲೇ ಕಿತ್ತುಕೊಂಡುಬಿಟ್ಟರೆ? ಈ ಯೋಚನೆಗೆ ಸರಸಮ್ಮನವರು ಕಾಂಪೌಂಡಿನ ಆಚೆಯಿಂದ ದಿನಾ ನೀರು ಗೊಬ್ಬರ ಹಾಕುತ್ತಿದ್ದರು.

“ನನ್ನ ನಾದಿನಿ ಮೈದುನನ್ನ ಅದ್ಯಾವ್ದೋ ದೇಶದಾಗೆ ಆರು ಗಂಟೆ ಕೂರಿಸ್ಬುಟ್ರಂತೆ ಕಣಪ್ಪ. ಅದೂ ಒಂದು ಉಪ್ಪಿನಕಾಯಿ ಡಬ್ಬಕ್ಕೆ. ನಿಂದು ಮಗು.”

ಸರ್ವಮಂಗಳ ಗದರಿದಳು. “ಡಿಸಿ ಆಫೀಸಿನ ದತ್ತು ಆದೇಶ ಐತೆ. ಪಾಸ್‌ಪೋರ್ಟ್‌ನಾಗೆ ಅಪ್ಪ ಅಂತ ನಿಮ್ಮೆಸ್ರೇ ಐತೆ. ಒಂದು ಮೂಟೆ ಕಾಗ್ದ ಇಟ್ಕೊಂಡು ಏನ್ರೀ ನಿಮ್ಮ ಪುಕ್ಕಲು?”

“ಕಾಗ್ದ ಬಾಯಿ ಬಿಡಕಿಲ್ಲ ಕಣೆ. ಮಗು ಬಿಡ್ತದೆ.”

ಬಾಯಿ ಬಿಡುವವಳು ಇನ್ನೊಬ್ಬಳೂ ಇದ್ದಳು. ಮಧುವಿನ ಪ್ರೀತಿಯ ಚನ್ನಪಟ್ಟಣದ ಮರದ ಬೊಂಬೆಯ ತಲೆಯನ್ನು ನೀಲಾ ಕಿತ್ತು ತೊಟ್ಟಿಗೆ ಎಸೆದ ದಿನ ಮಧು ಅಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, “ಅಲ್ಲಿ ಆಫೀಸರ್ ಕೇಳ್ಲಿ, ಇವ್ಳು ನಮ್ಮೋಳಲ್ಲ ಅಂತ ಹೇಳ್ಬುಡ್ತೀನಿ. ನಂಗೆ ಇಂಗ್ಲಿಷ್ ಬತ್ತದೆ” ಅಂದಳು.

ಹೆದರಿದವನಿಗೆ ಬುದ್ಧಿ ಚುರುಕಾಗುತ್ತದಂತೆ. ಕಾರ್ಖಾನೆಯಲ್ಲಿ ತಿಂಗಳಿಗೊಮ್ಮೆ ಬೆಂಕಿ ಬೀಳದಿದ್ದರೂ ಬಿದ್ದಂತೆ ಸೈರನ್ ಊದಿ ಎಲ್ಲರನ್ನೂ ಓಡಿಸುವ ಡ್ರಿಲ್ ಒಂದಿತ್ತು. ಅದನ್ನೇ ಮನೆಗೂ ತಂದರೆ? ಅಂದು ಸಂಜೆಯೇ ಹಜಾರದಲ್ಲಿ ಹೊಲಿಗೆ ಯಂತ್ರದ ಟೇಬಲ್ಲು ವಿಮಾನ ನಿಲ್ದಾಣವಾಯಿತು. ಸೋಲೂರಿನ ಹಾಲಿನ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದ ಅವನ ತಂದೆ ಪಂಚಾಕ್ಷರಯ್ಯನವರ ಹಳೇ ರಬ್ಬರ್ ಸೀಲು ಅಟ್ಟದಿಂದ ಇಳಿಯಿತು. ಅದರ ಮೇಲೆ ‘ಪರೀಕ್ಷಿಸಲಾಗಿದೆ’ ಎಂದಿತ್ತು. ಅಧಿಕಾರಿಯಾಗಿ ಕೂರು ಎಂದರೆ ಸರ್ವಮಂಗಳ, “ಒಲೆ ಮೇಲೆ ಸಾರೈತೆ” ಎಂದು ಒಳಗೆ ಹೋದಳು. ಸರಸಮ್ಮನವರನ್ನು ಕೂರಿಸಲು ಅವನಿಗೇ ಭಯ. ಕೊನೆಗೆ ತಾನೇ ಕಾರ್ಖಾನೆಯ ಟೋಪಿ ಹಾಕಿಕೊಂಡು ಟೇಬಲ್ಲಿನ ಹಿಂದೆ ಕೂತ.

ಸೀಲನ್ನು ಧಪ್ಪನೆ ಕುಟ್ಟುವುದು, ಎದೆ ಮುಟ್ಟಿಕೊಂಡು “ಯಾರಿದು?” ಎಂದು ಕೇಳುವುದು, ‘ಅಪ್ಪ’ ಅಂದರೆ ಒಂದು ಚೂರು ಕೊಬ್ಬರಿ ಮಿಠಾಯಿ ಕೊಡುವುದು. ಇಷ್ಟೇ ಕಾರ್ಯಕ್ರಮ. ಎರಡು ದಿನ ಮಗು ಅವನನ್ನೇ ದಿಟ್ಟಿಸಿತು. ಮೂರನೇ ದಿನ ಸೀಲು ಕುಟ್ಟಿದ್ದೇ ತಡ, ಎರಡೂ ಕೈ ಚಾಚಿ, “ಅಪ್ಪ” ಅಂದಿತು.

ರುದ್ರಪ್ರಸಾದನ ಕಣ್ಣು ತುಂಬಿತು. ಟೋಪಿ ತೆಗೆದು ಒರೆಸಿಕೊಂಡ. ಡ್ರಿಲ್ ಮುಗಿದು ಅವನು ಈಚೆ ಬಂದಾಗ ಮಗು ಮತ್ತೆ ‘ಮಾಮ’ ಅಂದಿತು. ದಣಿದಿರಬೇಕು ಅಂದುಕೊಂಡ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಧು ಕೇಳಿದಳು. “ಎಂಟು ವರ್ಷದಿಂದ ನಾನೂ ಅಪ್ಪ ಅಂತಾನೇ ಇದೀನಿ. ನಂಗೇನ್ ಕೊಟ್ಟೆ?”

“ನೀನು ದೊಡ್ಡೋಳು ಕಣಮ್ಮ” ಅಂದ ಅವನು. ಹಿರಿಮಕ್ಕಳು ಕೇಳಿ ಕೇಳಿ ಬೇಸತ್ತ ಉತ್ತರ ಅದು. ಮಾರನೇ ದಿನದಿಂದ ಮಿಠಾಯಿ ಡಬ್ಬದಲ್ಲಿ ಒಂದೊಂದು ಚೂರು ಕಮ್ಮಿಯಾಗುತ್ತಿದ್ದುದನ್ನು ಅವನು ಗಮನಿಸಲಿಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನೀಲಾ ಅಮ್ಮನ ಹೆಗಲ ಮೇಲೆ ನಿದ್ದೆ ಹೋಗಿದ್ದರಿಂದ ಮೊದಲ ಗಂಡಾಂತರ ತಪ್ಪಿತು. ವಿಮಾನದಲ್ಲಿ ಅವನು ಕಾಗದದ ಫೈಲನ್ನು ಎದೆಗವಚಿಕೊಂಡು, ಶಿವಶಿವಾ ಎನ್ನುತ್ತಾ, ಜೇಬಿನಲ್ಲಿದ್ದ ಮಿಠಾಯಿಯನ್ನು ಚೂರು ಚೂರಾಗಿ ಬಾಯಿಗೆ ಹಾಕಿಕೊಂಡ. ಹೆದರಿಕೆಗೆ ಸಿಹಿ ಒಳ್ಳೆಯದು ಎಂದು ಅವನ ಸಿದ್ಧಾಂತ. ಇಳಿಯುವ ಹೊತ್ತಿಗೆ ಜೇಬು ಖಾಲಿಯಾಗಿತ್ತು.

ಬ್ಯಾಂಕಾಕಿನಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ನಿಂತರು. ಅವರ ಸರದಿ ಬಂತು. ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಸರ್ವಮಂಗಳಳ ಪಾಸ್‌ಪೋರ್ಟಿಗೆ ಧಪ್ಪನೆ ಸೀಲು ಕುಟ್ಟಿದ. ಆ ಸದ್ದಿಗೆ ಅಮ್ಮನ ಹೆಗಲ ಮೇಲೆ ಮಲಗಿದ್ದ ನೀಲಾ ಕಣ್ಣು ಬಿಟ್ಟಳು. ಟೇಬಲ್ಲು ನೋಡಿದಳು, ಟೋಪಿ ನೋಡಿದಳು, ಸೀಲು ನೋಡಿದಳು. ಮುಖವರಳಿಸಿ, ಆ ಪರಪುರುಷನ ಕಡೆ ಎರಡೂ ಕೈ ಚಾಚಿ, “ಅಪ್ಪ” ಅಂದಳು.

ಅಧಿಕಾರಿ ಕತ್ತೆತ್ತಿ ಮಗುವನ್ನು ನೋಡಿದ, ಆಮೇಲೆ ರುದ್ರಪ್ರಸಾದನನ್ನು ನೋಡಿದ. ಇನ್ನು ತಡಮಾಡಿದರೆ ಕೆಟ್ಟೆ ಎಂದು ಇವನು ಮಗುವನ್ನು ಎಳೆದುಕೊಳ್ಳಲು ಹೋದ. “ಮಾಮ ಬ್ಯಾಡ” ಎಂದು ಅದು ಛಾವಣಿ ಹಾರುವಂತೆ ಕಿರುಚಿತು. ಬೆವರಿನಲ್ಲಿ ತೊಯ್ದ ರುದ್ರಪ್ರಸಾದ್ ತನಗೆ ತಿಳಿದಷ್ಟು ಇಂಗ್ಲಿಷನ್ನು ಒಟ್ಟುಮಾಡಿ ಬಾಯಿಬಿಟ್ಟ.

“ಡಾಟರ್ ಸರ್. ನ್ಯೂ ಡಾಟರ್. ಓನ್ಲಿ ಸಿಕ್ಸ್ ಮಂತ್ಸ್.”

ಪಾಸ್‌ಪೋರ್ಟಿನ ಹುಟ್ಟಿದ ತಾರೀಖಿನ ಪ್ರಕಾರ ಮಗುವಿಗೆ ಎರಡೂವರೆ ವರ್ಷ. ಅಧಿಕಾರಿ ಸೀಲನ್ನು ಕೆಳಗಿಟ್ಟ.

ಪಕ್ಕದ ಕೋಣೆಗೆ ಕರೆದೊಯ್ದರು. ಅಲ್ಲಿ ಒಬ್ಬ ಮಹಿಳಾ ಅಧಿಕಾರಿ ಇದ್ದರು. ರುದ್ರಪ್ರಸಾದ್ ಫೈಲು ಬಿಚ್ಚಿದ. ಅವಸರಕ್ಕೆ ಅಷ್ಟೂ ಕಾಗದ ನೆಲದ ಪಾಲಾಯಿತು. ಅವನು ಮಂಡಿಯೂರಿ ಆಯ್ದುಕೊಳ್ಳುತ್ತಿದ್ದಾಗ ಆಕೆ ಮಧುವಿನ ಕಡೆ ಬಗ್ಗಿ, ಈ ಪಾಪು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅವನು ಕಾಗದಗಳ ನಡುವೆ ಹಾಗೇ ಕಲ್ಲಾದ. ಬೊಂಬೆಯ ತಲೆ ನೆನಪಾಯಿತು. ಕೊಡದೇ ಉಳಿದ ಮಿಠಾಯಿ ನೆನಪಾಯಿತು. ಈ ಒಂದು ಸಲ ಕಾಪಾಡು ತಾಯಿ, ಇನ್ನು ಯಾವತ್ತೂ ನಿನ್ನನ್ನು ದೊಡ್ಡೋಳು ಅನ್ನುವುದಿಲ್ಲ ಎಂದು ಮನಸ್ಸಿನಲ್ಲೇ ಎಂಟು ವರ್ಷದ ಮಗಳಿಗೆ ಹರಕೆ ಹೊತ್ತ. ಮಧು ಅಪ್ಪನನ್ನು ನೋಡಿದಳು. ಬಿಕ್ಕಿ ಬಿಕ್ಕಿ ಅಳುತ್ತಿದ್ದ ನೀಲಾಳನ್ನೂ ನೋಡಿದಳು.

“ಮೈ ಸಿಸ್ಟರ್” ಅಂದಳು. “ಶೀ ಬ್ರೇಕ್ಸ್ ಆಲ್ ಮೈ ಥಿಂಗ್ಸ್” ಎಂದು ಸೇರಿಸಿದಳು.

ಅಧಿಕಾರಿಣಿ ಜೋರಾಗಿ ನಕ್ಕರು. ತಮ್ಮ ತಂಗಿಯೂ ಹಾಗೇ ಎಂದರು. ಆಮೇಲೆ ನೆಲದ ಮೇಲಿದ್ದ ರುದ್ರಪ್ರಸಾದನ ಕಡೆ ಬೆರಳು ಮಾಡಿ, ಹಾಗಾದರೆ ಮಗು ಇವರನ್ನು ಕಂಡರೆ ಯಾಕೆ ಅಳುತ್ತದೆ ಎಂದರು.

ಮಧು ನಿಟ್ಟುಸಿರು ಬಿಟ್ಟಳು. “ಅಪ್ಪ, ನೀನು ಎದ್ದು ಆ ಕಡೆ ಹೋಗಿ ಕುರ್ಚಿ ಮೇಲೆ ಕೂತ್ಕೊ. ಟೇಬಲ್ ಹಿಂದೆ ಇದ್ರೇನೇ ಅವ್ಳಿಗೆ ನೀನು ಅಪ್ಪ. ಇಷ್ಟು ದಿನ ಗೊತ್ತಾಗ್ಲಿಲ್ವಾ?”

ಗೊತ್ತಾಗಿರಲಿಲ್ಲ. ಸರ್ವಮಂಗಳ ಹಣೆ ಚಚ್ಚಿಕೊಂಡಳು. ಮಧು ಅದೇನೋ ವಿವರಿಸಿದ ಮೇಲೆ ಅಧಿಕಾರಿಣಿ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಅವನು ಕೂತು, ಮುಷ್ಟಿ ಕಟ್ಟಿ ಟೇಬಲ್ಲಿನ ಮೇಲೆ ಧಪ್ಪನೆ ಕುಟ್ಟಿದ. ನೀಲಾಳ ಅಳು ನಿಂತಿತು. ಅಮ್ಮನ ಹೆಗಲಿನಿಂದ ಇಳಿದು ಬಂದು, ಟೇಬಲ್ಲಿನ ಅಂಚಿಗೆ ಮೂಗು ತಾಗಿಸಿ, “ಅಪ್ಪ” ಅಂದಳು. ಅಂಗೈ ಚಾಚಿದಳು.

ಅವನು ಜೇಬಿಗೆ ಕೈ ಹಾಕಿದ. ಸಿಕ್ಕಿದ್ದು ಬರೀ ಸಕ್ಕರೆಯ ಪುಡಿ. ಮಗುವಿನ ತುಟಿ ಮತ್ತೆ ಡೊಂಕಾಗತೊಡಗಿತು. ಮಧು ತನ್ನ ಬೆನ್ನಚೀಲದ ಒಳಜೇಬು ತೆರೆದು, ಕಾಗದದಲ್ಲಿ ಸುತ್ತಿದ್ದ ಒಂದು ಕೊಬ್ಬರಿ ಮಿಠಾಯಿ ತೆಗೆದು ತಂಗಿಯ ಕೈಗಿಟ್ಟಳು. ಡಬ್ಬದಿಂದ ಕದ್ದ ಮಾಲು ಎಂದು ಅವನಿಗೆ ಆಗ ಹೊಳೆಯಿತು. ಬೈಯುವ ಯೋಗ್ಯತೆ ಉಳಿದಿರಲಿಲ್ಲ. ಐದು ನಿಮಿಷದಲ್ಲಿ ಉಳಿದ ಪಾಸ್‌ಪೋರ್ಟುಗಳಿಗೂ ಸೀಲು ಬಿತ್ತು.

ಆ ಹತ್ತು ದಿನ ನೀಲಾ ಅಕ್ಕನ ಬೆರಳು ಬಿಡಲಿಲ್ಲ. ಹೋಟೆಲಿನ ಕೌಂಟರಿನವನು, ಹಣ್ಣಿನ ಅಂಗಡಿಯವನು, ಟಿಕೆಟ್ ಕೊಡುವವನು, ಎಲ್ಲರೂ ಅವಳ ಬಾಯಲ್ಲಿ ಅಪ್ಪಂದಿರಾದರು. ತರಬೇತಿ ಮುಗಿಸಿ ಬಂದ ರುದ್ರಪ್ರಸಾದ್ ಶೂ ಬಿಚ್ಚುವುದಕ್ಕೂ ಮೊದಲು ಕೋಣೆಯ ಟೇಬಲ್ಲಿನ ಹಿಂದೆ ಹೋಗಿ ಕೂರುತ್ತಿದ್ದ.

ಮಾಗಡಿಗೆ ಮರಳಿದ ಮೇಲೂ ಕಚೇರಿ ನಿಲ್ಲಲಿಲ್ಲ. ಭಾನುವಾರ ಸಂಜೆ ಅವನು ಹೊಲಿಗೆ ಯಂತ್ರದ ಹಿಂದೆ ಕೂತು ಸೀಲು ಕುಟ್ಟಿದ. ನೀಲಾ “ಅಪ್ಪ” ಎಂದು ಕೈ ಚಾಚಿದಳು. ಅವಳ ಹಿಂದೆ ಮಧುವೂ ಸಾಲಿನಲ್ಲಿ ನಿಂತಿದ್ದಳು.

“ಅಪ್ಪ” ಅಂದಳು ಅವಳೂ, ಕೈ ಚಾಚಿ.

ಅವನು ‘ನೀನು ದೊಡ್ಡೋಳು’ ಎಂದು ಬಾಯಿ ತೆರೆದವನು ಹರಕೆ ನೆನೆದು ಮುಚ್ಚಿಕೊಂಡ. ಅವಳ ಅಂಗೈಗೇ ಮೊದಲು ಮಿಠಾಯಿ ಇಟ್ಟು, ನೀಲಾಳಿಗೆ ಕೊಡಲು ನೋಡಿದರೆ ಟೇಬಲ್ಲಿನ ಮೇಲಿನ ಮಿಠಾಯಿ ತಟ್ಟೆ ಬರಿದಾಗಿತ್ತು. ಡಬ್ಬ ತರೋಣವೆಂದು ಎದ್ದು ಟೇಬಲ್ಲಿನ ಈಚೆಗೆ ಬಂದ.

ನೀಲಾ ಖಾಲಿ ಕುರ್ಚಿಯನ್ನು ನೋಡಿದಳು. ಗಾಬರಿಯಿಂದ ಅವನ ಪಂಚೆ ಜಗ್ಗಿ, ತಲೆಯೆತ್ತಿ ಕೇಳಿದಳು.

“ಮಾಮ, ಅಪ್ಪ ಎಲ್ಲೋದ?”

ಮತ್ತೆ ಬಿಟ್ಟುಹೋದರು ಅಂದುಕೊಳ್ಳುತ್ತೆ ಎಂದಿದ್ದರಲ್ಲ ಮೇಡಂ. ರುದ್ರಪ್ರಸಾದ್ ಡಬ್ಬದ ಯೋಚನೆ ಬಿಟ್ಟು, ಓಡಿಹೋಗಿ ಕುರ್ಚಿಯಲ್ಲಿ ಕೂತ.