ರಾಯರು ವಾಯಿದೆಗೆ ಹೋದದ್ದು

ದಿನಕರ ರಾಯರು ತಮ್ಮ ಕಾರಿನ ಚಕ್ರದ ಗಾಳಿಯನ್ನು ತಾವೇ ಬಿಟ್ಟರು. ಬೆಳಿಗ್ಗೆ ಹತ್ತೂವರೆಗೆ, ಕಲೂರಿನ ಬಂಗಲೆಯ ಅಂಗಳದಲ್ಲಿ, ಇಸ್ತ್ರಿ ಮಾಡಿದ ಪಂಚೆ ಎತ್ತಿ ಕಟ್ಟಿ, ಕುಕ್ಕುರುಗಾಲಲ್ಲಿ ಕೂತು, ಬೆಂಕಿಕಡ್ಡಿಯಿಂದ ಒತ್ತಿ ಒತ್ತಿ ಬಿಟ್ಟರು. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಡಗಿನ ಸರಕು ಇಳಿಸುವ ಕಂಪನಿಯ ಯಜಮಾನರು ಮಾಡುವ ಕೆಲಸವೇ ಇದು? ಅಲ್ಲ. ಆದರೆ ಹನ್ನೊಂದು ಗಂಟೆಗೆ ಎರ್ನಾಕುಳಂ ಕೋರ್ಟಿನಲ್ಲಿ ಅವರ ವಿಚ್ಛೇದನದ ವಾಯಿದೆಯಿತ್ತು. ಹೋಗಲು ಅವರಿಗೆ ಸುತರಾಂ ಮನಸ್ಸಿರಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ಅದು ಒಂದೇ ಮನೆಯಿದ್ದವರ ಗಾದೆ ಸ್ವಾಮಿ! ರಾಯರಿಗೆ ಎರಡು ಮನೆ, ಎರಡು ಕಾರು. ಸೋಫಾದ ಬಟ್ಟೆ ಹಸಿರೋ ನೀಲಿಯೋ ಎಂದು ಮಾತಿಗೆ ಮಾತು ಬೆಳೆದು, ಹೆಂಡತಿ ಕುಸುಮಾವತಿಯಮ್ಮ ಎರಡನೇ ಕಾರು ಹತ್ತಿ ತಿರುವನಂತಪುರಕ್ಕೆ, ಉಳ್ಳೂರಿನ ಮನೆಗೆ ಹೊರಟುಹೋದರು. ಎರಡು ದಿನಕ್ಕೆಂದು ಹೋದವರು ಎರಡು ವರ್ಷ ಅಲ್ಲೇ ಉಳಿದರು. "ಅಷ್ಟು ಬೇಡವಾದ್ರೆ ಬರೆದು ಕೊಡು" ಎಂದು ಇವರು ಫೋನಿನಲ್ಲಿ ಗದರಿದರು. ಅವರು ಬರೆದೇ ಕೊಟ್ಟರು. ಇಬ್ಬರೂ ಒಪ್ಪಿದರೆ ಬಿಡುಗಡೆ ಕೊಡುವ ಹೊಸ ಕಾನೂನು ಆಗಷ್ಟೇ ಬಂದಿತ್ತು. ಅರ್ಜಿ ಹಾಕಿ ಆರು ತಿಂಗಳ ಮೇಲೆ ಇಬ್ಬರೂ ಇನ್ನೊಮ್ಮೆ ಬಂದು ಜಡ್ಜರ ಮುಂದೆ "ಒಪ್ಪಿಗೆ" ಅನ್ನಬೇಕು. ಆ ಇನ್ನೊಮ್ಮೆಯೇ ಇವತ್ತು.

ಹನ್ನೆರಡು ಕುರ್ಚಿಯ ಮೇಜಿನಲ್ಲಿ ರಾಯರು ಎರಡು ವರ್ಷದಿಂದ ಒಬ್ಬರೇ ಕೂತು ಉಣ್ಣುತ್ತಿದ್ದರು. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ರೇಗೋಣವೆಂದರೆ ಎದುರಿಗೆ ಜನವಿಲ್ಲ. ರೇಡಿಯೋದ ವಾರ್ತೆಗೆ "ಹೌದಾ?" ಎಂದು ಉತ್ತರ ಕೊಡುವ ಅಭ್ಯಾಸ ಬೇರೆ ಬಂದುಬಿಟ್ಟಿತ್ತು. ಅವರಿಗೆ ಹೆಂಡತಿ ಬೇಕಿತ್ತು, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಲು ಹಾಳು ಮರ್ಯಾದೆ ಬಿಡುತ್ತಿರಲಿಲ್ಲ. ಅದಕ್ಕೇ ಈ ಉಪಾಯ. ಕಾರು ಕೈಕೊಟ್ಟು ವಾಯಿದೆ ತಪ್ಪಿದರೆ, ಅಷ್ಟು ದೂರದಿಂದ ಬಂದವಳಲ್ಲಿ ಕ್ಷಮೆ ಕೇಳಬೇಕಾಗುತ್ತದೆ. ಇವತ್ತಿನದಕ್ಕೆ ಕೇಳುವ ನೆಪದಲ್ಲಿ ಹಿಂದಿನದಕ್ಕೂ ಕೇಳಿಬಿಡಬಹುದು.

ಗಾಳಿಯೇನೋ ಪೂರ್ತಿ ಹೋಯಿತು. ಆದರೆ ಬೇಲಿಯಾಚೆಯಿಂದ ಪಕ್ಕದ ಮನೆಯ ಜನಾರ್ದನ ತಲೆ ಹಾಕಿದ. ಮೈಸೂರಿನವನು, ಬ್ಯಾಂಕಿನಲ್ಲಿ ಆಫೀಸರು, ಇವತ್ತು ರಜೆಯಲ್ಲಿದ್ದ. ಯಾರೂ ಕರೆಯದಿದ್ದರೂ ಸಹಾಯಕ್ಕೆ ಬರುವ ಪೈಕಿ.

"ಅಯ್ಯೋ ಸಾರ್, ಪಂಕ್ಚರ್ರಾ? ಇವತ್ತೇ ಆಗ್ಬೇಕಿತ್ತಾ!"

"ಹೌದು ಮಾರಾಯ್ರೆ, ಎಂತ ಮಾಡುವುದು? ಇನ್ನು ಹೋಗಿ ಪ್ರಯೋಜನ ಇಲ್ಲ" ಎಂದು ರಾಯರು ಮುಖ ಸಣ್ಣದು ಮಾಡಿದರು.

"ನಾನಿರೋವಾಗ ಹಾಗಂದ್ರೆ ಹೇಗೆ ಸಾರ್? ಶಾಂತಾ, ಸ್ಕೂಟರ್ ಕೀ ತಗೊಂಡ್ ಬಾರೇ!"

ಅವನ ಹೆಂಡತಿ ಶಾಂತಾ ಕೀ ತಂದಳು. "ನೀವು ನಿಶ್ಚಿಂತೆಯಾಗಿ ಹೋಗ್ಬನ್ನಿ, ಮನೆ ಕಡೆ ನಾನು ನೋಡ್ಕೋತೀನಿ" ಎಂದು ಗೇಟಿನವರೆಗೆ ಬಂದು ಬೀಳ್ಕೊಟ್ಟಳು.

ರಾಯರು ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಉಪಾಯ ಹುಡುಕಿದರು. ಬಸ್ ಸ್ಟ್ಯಾಂಡ್ ದಾಟುವಾಗ ಮೆಲ್ಲನೆ ಎಡಗಾಲು ಕೊಡವಿದರು.

"ಚಪ್ಪಲಿ ಬಿತ್ತು ಮಾರಾಯ್ರೆ, ನಿಲ್ಲಿಸಿ!"

"ಚಪ್ಪಲಿ ಹೋದ್ರೆ ಹೋಯ್ತು ಸಾರ್, ವಾಯಿದೆ ಹೋಗ್ಬಾರ್ದು!" ಎಂದು ಜನಾರ್ದನ ಇನ್ನೂ ಜೋರಾಗಿ ಬಿಟ್ಟ.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಮುಂದೆ ರಸ್ತೆ ತುಂಬ ಕೆಂಪು ಬಾವುಟದ ಮೆರವಣಿಗೆ. ಇನ್ನು ಒಂದು ಗಂಟೆ ಇಲ್ಲಿಂದ ಅಲುಗುವಂತಿಲ್ಲ ಎಂದು ರಾಯರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಜನಾರ್ದನ ಇಳಿದು ಮುಂದಾಳಿನ ಕಿವಿಯಲ್ಲಿ ಏನೋ ಊದಿದ. ಮುಂದಾಳು ತಿರುಗಿ ನೋಡಿದ. ನೋಡಿದರೆ ರಾಯರ ಕಂಪನಿಯಲ್ಲೇ ಮೂಟೆ ಹೊರುವ ದಾಮೋದರ! ಬೋನಸ್ಸಿಗಾಗಿ ರಾಯರ ವಿರುದ್ಧವೇ ಹೊರಟ ಮೆರವಣಿಗೆ ಅದು.

"ಮುದಲಾಳಿಗೆ, ನಮ್ಮ ಧಣಿಗೆ ದಾರಿ ಬಿಡಿ!" ಎಂದು ದಾಮೋದರ ಮಲಯಾಳದಲ್ಲಿ ಕೂಗಿದ. "ಬೋನಸ್ಸಿನ ಜಗಳ ನಾಳೆಯೂ ಆದೀತು. ಪಾಪ, ಇವತ್ತು ಅವರಿಗೆ ಹೆಂಡತಿಯನ್ನು ಬಿಡಲಿಕ್ಕುಂಟು!"

ಯಜಮಾನನಿಗೆ ಒಂದು ದಿನವೂ ಬಗ್ಗದ ಇನ್ನೂರು ಜನ ಆ ಮಾತಿಗೆ ಎರಡು ಪಾಲಾಗಿ ನಿಂತರು. ಕೆಲವರು ಕನಿಕರದಿಂದ ಕೈ ಕೂಡ ಮುಗಿದರು. ನಡುವಿನಿಂದ ಸ್ಕೂಟರು ಮದುವೆ ದಿಬ್ಬಣದ ಹಾಗೆ ಹೋಯಿತು.

ಕೋರ್ಟಿನ ಜಗಲಿಯಲ್ಲಿ ಜನಾರ್ದನ ರಾಯರ ರಟ್ಟೆ ಹಿಡಿದು ಓಡಿಸಿದ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಗಾಳಿಗೆ ಕೆದರಿದ ತಲೆ. ಗಡಿಯಾರದಲ್ಲಿ ಹನ್ನೊಂದಕ್ಕೆ ಇನ್ನೂ ಎರಡು ನಿಮಿಷವಿತ್ತು.

ಬೆಂಚಿನಲ್ಲಿ ಕುಸುಮಾವತಿಯಮ್ಮ ಒಬ್ಬರೇ ಕೂತಿದ್ದರು. ಎರಡು ವರ್ಷಕ್ಕೆ ಸೊರಗಿ ಹೋಗಿದ್ದಾಳಲ್ಲ ಎಂದುಕೊಂಡರು ರಾಯರು. ಗಂಡನನ್ನು ಕಂಡದ್ದೇ ಅವರ ಮುಖದ ನಗೆ ದೀಪ ಆರಿದಂತೆ ಆರಿತು.

"ಇಪ್ಪತ್ತೆರಡು ವರ್ಷದಲ್ಲಿ ನೀವು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಇದಕ್ಕೆ ಮಾತ್ರ ಓಡಿಕೊಂಡು ಬಂದಿರಲ್ಲ!"

"ಅದು ಹಾಗಲ್ಲ ಕುಸುಮ, ಸ್ಕೂಟರು…" ಎನ್ನುವಷ್ಟರಲ್ಲಿ ಕೋರ್ಟಿನ ಜವಾನ ಇಬ್ಬರ ಹೆಸರನ್ನೂ ಕೂಗಿದ.

ಜಡ್ಜರು ಮೊದಲು ಅವರನ್ನು ಕೇಳಿದರು. "ಒಪ್ಪಿಗೆ" ಎಂದು ಕುಸುಮಾವತಿಯಮ್ಮ ಗೋಡೆ ನೋಡಿಕೊಂಡು ಹೇಳಿದರು. ಆಮೇಲೆ ರಾಯರ ಸರದಿ. ಇಲ್ಲ ಎನ್ನಲು ಬಾಯಿ ತೆರೆದದ್ದೂ ನಿಜ. ಆದರೆ ಅವಳೇ ಬೇಡವೆಂದ ಮೇಲೆ, ತುಂಬಿದ ಕೋರ್ಟಿನಲ್ಲಿ ತಾನು ಗೋಗರೆಯುವುದೇ? ಹಿಂದಿನಿಂದ ಜನಾರ್ದನ "ಹೇಳಿ ಸಾರ್, ಧೈರ್ಯವಾಗಿ ಹೇಳಿ" ಎಂದು ತಿವಿಯುತ್ತಿದ್ದ.

"ಒಪ್ಪಿಗೆ" ಎಂದರು ರಾಯರು. ಇಪ್ಪತ್ತೆರಡು ವರ್ಷದ ಸಂಸಾರ ಐದು ನಿಮಿಷದಲ್ಲಿ ಮುಗಿಯಿತು.

ಮಧ್ಯಾಹ್ನ ಮನೆಗೆ ಬಂದಾಗ ಜಗಲಿಯ ಮೇಲೆ ನಾಲ್ಕು ಟ್ರಂಕು, ಒಂದು ಉಪ್ಪಿನಕಾಯಿ ಭರಣಿ ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಕುಸುಮಾವತಿಯಮ್ಮನ ಡ್ರೈವರ್ ಅಚ್ಯುತ ತಲೆ ತುರಿಸಿಕೊಂಡು ನಿಂತಿದ್ದ.

"ನೀವು ಆ ಕಡೆ ಹೋದ ಹತ್ತೇ ನಿಮಿಷಕ್ಕೆ ಬಂತು ಸಾರ್, ನಾನೇ ಇಳಿಸಿಟ್ಕೊಂಡೆ" ಎಂದಳು ಶಾಂತಾ.

"ಎಂತ ಇದು ಅಚ್ಯುತ?"

"ಅಮ್ಮನ ಸಾಮಾನು ಸಾರ್. ಉಳ್ಳೂರಿನ ಮನೆ ಬೀಗ ಹಾಕಿಯೇ ಬಂದದ್ದು. 'ಅವರು ಇವತ್ತು ಬರುವುದಿಲ್ಲ, ಅವರ ಮನಸ್ಸು ನನಗೆ ಗೊತ್ತುಂಟು. ಹನ್ನೊಂದರವರೆಗೆ ಕೂತು ನಾನೂ ಮನೆಗೆ ಬರ್ತೇನೆ, ನೀನು ಪೆಟ್ಟಿಗೆ ಇಳಿಸು' ಅಂತ ಹೇಳಿದ್ರು." ಅಚ್ಯುತ ತಲೆ ತಗ್ಗಿಸಿದ. "ಈಗ ಎಲ್ಲ ವಾಪಸ್ ತಾ ಅಂತ ಫೋನಿನಲ್ಲಿ ಹೇಳಿದ್ದಾರೆ."

ರಾಯರು ಅವನ ಹತ್ತಿರಕ್ಕೆ ಹೋದರು. "ನಾನು ಬರಬೇಕೂಂತ ಬಂದದ್ದಲ್ಲ ಅಂತ ಅವಳಿಗೆ ಹೇಳು ಮಾರಾಯ."

"ಹೇಳ್ತೇನೆ ಸಾರ್. ಆದರೆ ಅಮ್ಮ ಕಣ್ಣಾರೆ ಕಂಡಿದ್ದಾರಲ್ಲ, ನಂಬುವುದು ಹೇಗೆ?"

ಜನಾರ್ದನ ಆಗಲೇ ತೋಳು ಮಡಿಸಿ ಮೂರು ಟ್ರಂಕು ಕಾರಿಗೇರಿಸಿದ್ದ. ನಾಲ್ಕನೆಯದು ಅವನಿಗೂ ಅಚ್ಯುತನಿಗೂ ಜಗ್ಗಲಿಲ್ಲ.

"ಸ್ವಲ್ಪ ಕೈ ಹಾಕಿ ಸಾರ್, ಇದು ತುಂಬ ಭಾರ."

ರಾಯರು ಒಂದು ಕಡೆ ಹಿಡಿದು ಎತ್ತಿ ಕೊಟ್ಟರು.